ರಫ್ತಿನ ಆರ್ಡರ್ ಏರಿಳಿದರೂ ಕೆಲಸಗಾರರನ್ನು ಉಳಿಸಿಕೊಳ್ಳುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಅಥವಾ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವಾಲ್ವನ್ನೋ ಸಿದ್ಧ ಉಡುಪನ್ನೋ ತಯಾರಿಸಿ ಹೊರದೇಶಕ್ಕೆ ಕಳಿಸುವ ಘಟಕಕ್ಕೆ ವರ್ಷವಿಡೀ ಒಂದೇ ಸಮನೆ ಆರ್ಡರ್ ಬರುವುದಿಲ್ಲ. ಬಂದಾಗ ಗುತ್ತಿಗೆಯವರನ್ನು ತುಂಬಿಕೊಂಡು, ತೀರಿದಾಗ ಕೈಬಿಡುವುದು ಸುಲಭವೆನಿಸೀತು. ಆದರೆ ಕೆಲಸ ಕೈಗೆ ಹತ್ತುವ ಹೊತ್ತಿಗೆ ಅವರು ಹೊರಟಿರುತ್ತಾರೆ, ತಿರಸ್ಕೃತಗೊಂಡ ಮಾಲಿನ ನಷ್ಟ ಮಾತ್ರ ಮಾಲೀಕನ ಪಾಲಿಗೆ ಉಳಿಯುತ್ತದೆ. ಆದ್ದರಿಂದ ಹೊಂದಾಣಿಕೆಯನ್ನು ಮೊದಲು ಕಾಯಂ ಕೆಲಸಗಾರರಲ್ಲಿಯೇ ಹುಡುಕಬೇಕು.

ಒಂದು ಹಾಳೆಯ ಎಡಕ್ಕೆ ಕೆಲಸಗಾರರನ್ನೂ ಮೇಲ್ಗಡೆ ಕೆಲಸಗಳನ್ನೂ ಬರೆದು, ಯಾರು ಯಾವುದನ್ನು ಸ್ವತಂತ್ರವಾಗಿ ಮಾಡಬಲ್ಲರೆಂದು ಗುರುತು ಹಾಕಿರಿ. ಒಬ್ಬರಿಗಷ್ಟೇ ಬರುವ ಕೆಲಸವಿದ್ದರೆ, ಆರ್ಡರ್ ಕಡಿಮೆಯಿರುವ ವಾರಗಳಲ್ಲಿ ಇನ್ನಿಬ್ಬರಿಗೆ ಅದನ್ನು ಕಲಿಸಿ, ಕಲಿತವರ ಸಂಬಳವನ್ನು ಸ್ವಲ್ಪವಾದರೂ ಹೆಚ್ಚಿಸಿರಿ. ಹೆಚ್ಚಳವಿಲ್ಲದ ತರಬೇತಿಯನ್ನು ಅವರು ಬಿಟ್ಟಿ ದುಡಿಮೆಯೆಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ತಪ್ಪೂ ಅಲ್ಲ.

ಎಡವುವುದು ಹೆಚ್ಚಾಗಿ ರಜೆಯ ವಿಷಯದಲ್ಲಿ. ಕ್ರಿಸ್‌ಮಸ್ ಮಾರಾಟಕ್ಕೆ ಹಡಗೇರಬೇಕಾದ ಉಡುಪುಗಳ ಒತ್ತಡ ಶ್ರಾವಣದ ಆಸುಪಾಸಿನಲ್ಲಿ ಬೀಳುತ್ತದೆ. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುವುದೂ ಆಗಲೇ. ಕಲಘಟಗಿ, ಕುಂದಗೋಳ, ನವಲಗುಂದದ ಕಡೆಯಿಂದ ಬರುವವರಿಗೆ ಬಿತ್ತನೆ, ಸುಗ್ಗಿಗಳೂ ಇವೆ. ರಜೆ ನಿರಾಕರಿಸಿದರೂ ಹೋಗುವವರು ಹೋಗಿಯೇ ಹೋಗುತ್ತಾರೆ, ಹೇಳದೆ ಹೋಗುತ್ತಾರೆ ಅಷ್ಟೆ. ಜೂನ್ ಮುಗಿಯುವುದರೊಳಗೆ ರಜೆಯ ಪಟ್ಟಿ ತಯಾರಿಸಿ, ಯಾರು ಯಾವಾಗ ಹೋಗಬೇಕೆಂಬ ಸರದಿಯನ್ನು ಆಯಾ ವಿಭಾಗದವರೇ ತೀರ್ಮಾನಿಸಲು ಬಿಡಿರಿ. ಪಾಳಿಯ ಬದಲಾವಣೆಯನ್ನು ಒಂದು ವಾರ ಮುಂಚಿತವಾಗಿ ತಿಳಿಸಿರಿ. ಪಾಳಿ ಬಿಡುವ ಹೊತ್ತಿಗೆ ಊರಿನ ಬಸ್ಸಿಲ್ಲದಿದ್ದರೆ ವಾಹನದ ಹೊಣೆ ಕಾರ್ಖಾನೆಯದು.

ಓವರ್‌ಟೈಮಿನಲ್ಲಿ ಚೌಕಾಸಿ ಬೇಡ. ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ 1948ರ ಕಾರ್ಖಾನೆ ಕಾಯ್ದೆ ಗೊತ್ತುಪಡಿಸಿದ ದುಪ್ಪಟ್ಟು ವೇತನವನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಉಳಿಸಿಕೊಂಡಿದೆ, ಜೊತೆಗೆ ಕಾರ್ಮಿಕರ ಒಪ್ಪಿಗೆಯನ್ನೂ ಕೇಳುತ್ತದೆ. ದುಪ್ಪಟ್ಟಿನ ಬದಲು ‘ಮುಂದೆ ರಜೆ ಕೊಡುತ್ತೇವೆ’ ಎಂಬ ಬಾಯಿಮಾತು ನಂಬಿಕೆಯನ್ನು ಬೇಗ ಕೆಡಿಸುತ್ತದೆ.

ಇಷ್ಟಾದರೂ ಜನ ಸಾಲದಿದ್ದರೆ ಗುತ್ತಿಗೆದಾರನ ಬಳಿ ಹೋಗುವ ಮುನ್ನ ನಿಗದಿತ ಅವಧಿಯ ನೇರ ನೇಮಕವನ್ನು ಪರಿಶೀಲಿಸಿರಿ. ಅಂಥವರಿಗೆ ಅದೇ ಕೆಲಸದ ಕಾಯಂ ನೌಕರರಷ್ಟೇ ವೇತನ, ಸೌಲಭ್ಯಗಳು ಸಲ್ಲಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯೂ ಸಿಗುತ್ತದೆ. ಅವಧಿ ಮುಗಿಯುವ ದಿನಾಂಕವನ್ನು ನೇಮಕಪತ್ರದಲ್ಲಿ ಕನ್ನಡದಲ್ಲಿಯೇ ಬರೆದುಕೊಡಿರಿ, ಮುಂದಿನ ಆರ್ಡರ್ ಬಂದಾಗ ಮೊದಲ ಕರೆ ಅವರಿಗೇ ಹೋಗಲಿ.