ಕೈಲ್ ಪೊಳ್ದ್ ಮುಂಚೆ ಕ್ರೋನೋಗ್ರಾಫ್ ಕೊಳ್ಳುವವರಿಗೆ

ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅಭ್ಯಾಸ ಶುರು ಮಾಡಿರುವ ಕೆಲವರು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬಗ್ಗೆ ಕೇಳಿದ್ದೀರಿ.

ಕಡಿಮೆ ಬೆಲೆಗೆ ಸಿಗುವುದು ಎರಡು ಸೆನ್ಸರ್‌ಗಳದ್ದು. ಗುಂಡಿನ ನೆರಳು ಒಂದರಿಂದ ಇನ್ನೊಂದಕ್ಕೆ ದಾಟುವ ಸಮಯದಿಂದ ಅದು ವೇಗ ಲೆಕ್ಕ ಹಾಕುತ್ತದೆ. ಹಾಗಾಗಿ ಬೆಳಕೇ ಮುಖ್ಯ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ಇಟ್ಟಿದ್ದೆ. ಎಲೆ ಅಲುಗಾಡಿದಾಗೆಲ್ಲ ಸೆನ್ಸರ್ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಓಡುತ್ತಿತ್ತು, ಒಂದೇ ಡಬ್ಬಿಯ ಗುಂಡಿಗೆ ಬಾಯಿಗೆ ಬಂದ ಹಾಗೆ ಅಂಕಿ ತೋರಿಸಿತು. ಬಯಲಿಗೆ ತಂದು ಸೆನ್ಸರ್ ಮೇಲೆ ಬೆಳಕನ್ನು ಸಮನಾಗಿ ಹರಡುವ ಬಿಳಿ ಡಿಫ್ಯೂಸರ್ ಹಾಕಿದ ಮೇಲೆ ಸರಿಯಾಯಿತು. ನಮ್ಮ ಮೋಡದ ದಿನಗಳು ಇದಕ್ಕೆ ತುಂಬಾ ಒಳ್ಳೆಯವು. ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬೇಡ, ಆ ಮಿನುಗು ಅದನ್ನು ದಾರಿ ತಪ್ಪಿಸುತ್ತದೆ.

ನಳಿಗೆಯ ತುದಿಯಿಂದ 3ರಿಂದ 5 ಮೀಟರ್ ದೂರ ಇಡಿ. ಹತ್ತಿರವಾದರೆ ಹೊಗೆ, ಗಾಳಿಯ ಹೊಡೆತವನ್ನೇ ಗುಂಡು ಅಂದುಕೊಳ್ಳುತ್ತದೆ. ಗುಂಡು ಎರಡೂ ಸೆನ್ಸರ್ ಮೇಲೆ ನೇರವಾಗಿ ಹಾಯಬೇಕು. ಟ್ರೈಪಾಡ್ ಸರಿಪಡಿಸಲು ಮುಂದೆ ಹೋಗುವ ಮೊದಲು ಬಂದೂಕು ಖಾಲಿ ಮಾಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದಿಡಿ. ದಯವಿಟ್ಟು ಇದನ್ನು ಮರೆಯಬೇಡಿ.

ದುಡ್ಡು ಇದ್ದರೆ ರೇಡಾರ್ ಇರುವುದನ್ನೇ ತಗೊಳ್ಳಿ. ಪಕ್ಕದಲ್ಲಿ ಇಟ್ಟರೆ ಸಾಕು, ಗುಂಡು ತಗಲಿ ಒಡೆಯುವ ಭಯವಿಲ್ಲ, ಬೆಳಕಿನ ಗೊಡವೆಯೂ ಇಲ್ಲ.

ಒಂದು ಗುಂಡಿನ ಅಂಕಿ ನಂಬಬೇಡಿ. ಹತ್ತಾದರೂ ಹೊಡೆಯಿರಿ. ಪಾಯಿಂಟ್ 22ರ (ಸುಮಾರು 0.22 ಇಂಚು ದಪ್ಪದ) ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತದೆ. ಸರಾಸರಿ ನೋಡುವುದಕ್ಕಿಂತ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ ನೋಡಿ. ಅದು ಕಡಿಮೆ ಇರುವ ಡಬ್ಬಿಯನ್ನೇ ಸ್ಪರ್ಧೆಗೆ ಎತ್ತಿಡಿ.