ನಗರಸಭೆಯಲ್ಲಿ ನ್ಯಾಯಯುತ ದುಡಿಮೆಯ ನೀತಿ: ಠರಾವಿನಿಂದ ಬಿಲ್ಲಿನವರೆಗೆ

ಹೊರಗುತ್ತಿಗೆ ನೌಕರರ ಹಿತ ಕಾಯುವುದಾಗಿ ನಗರಸಭೆಯೊಂದು ಸರ್ವಾನುಮತದ ಠರಾವು ಅಂಗೀಕರಿಸುತ್ತದೆ, ಅದರ ಪ್ರತಿ ಕಚೇರಿಯ ಗೋಡೆಯ ಮೇಲೂ ಬರುತ್ತದೆ. ಆದರೆ ಆಟೋ ಟಿಪ್ಪರ್ ಚಾಲಕನ ಸಂಬಳ ಮೊದಲಿನಂತೆಯೇ ಎರಡು ತಿಂಗಳು ತಡವಾಗುತ್ತದೆ, ಭವಿಷ್ಯ ನಿಧಿಯ ಖಾತೆ ಮೊದಲಿನಂತೆಯೇ ಬರಿದಾಗಿರುತ್ತದೆ. ಹೀಗಾಗುವುದನ್ನು ಮತ್ತೆ ಮತ್ತೆ ಕಂಡ ಮೇಲೆ ಈ ಲೇಖನ ಬರೆಯಬೇಕೆನಿಸಿತು. ನೀತಿಯ ಆಶಯದಲ್ಲಿ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಕೊರತೆ ಇರುವುದು ಟೆಂಡರ್ ದಾಖಲೆಯಲ್ಲಿ ಮತ್ತು ಬಿಲ್ ಮಂಜೂರು ಮಾಡುವ ಮೇಜಿನಲ್ಲಿ. ಆದ್ದರಿಂದ ಆ ಎರಡು ಹಂತಗಳನ್ನು ಇಲ್ಲಿ ವಿಸ್ತಾರವಾಗಿ ಹೇಳಿದ್ದೇನೆ.

ಮೊದಲು ಅಧಿಕಾರದ ಮಿತಿ ತಿಳಿದಿರಬೇಕು. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕಾನೂನು ಮಾಡುವವರು ಸಂಸತ್ತು ಮತ್ತು ವಿಧಾನಮಂಡಲ, ಸ್ಥಳೀಯ ಸಂಸ್ಥೆಯಲ್ಲ. ಕನಿಷ್ಠ ವೇತನವನ್ನು ನಿಗದಿಪಡಿಸುವುದು ರಾಜ್ಯ ಸರ್ಕಾರ. ಆದರೂ ನಗರಸಭೆಯ ಕೈಯಲ್ಲಿ ಬಲವಾದ ಹಿಡಿತವೊಂದಿದೆ: ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದಂತೆ ಅದು ಪ್ರಧಾನ ಮಾಲೀಕ, ಅಂದರೆ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಪ್ರಧಾನ ಮಾಲೀಕನೇ ಅದನ್ನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ಹೊಣೆ ಹಳೆಯ ಕಾನೂನಿನಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ‘ಅದು ಗುತ್ತಿಗೆದಾರನಿಗೆ ಬಿಟ್ಟ ವಿಚಾರ’ ಎಂಬ ಉತ್ತರ ಯಾವ ಅಧಿಕಾರಿಯಿಂದ ಬಂದರೂ ಅದನ್ನು ಒಪ್ಪಬೇಕಾಗಿಲ್ಲ.

ಹಂತ 1: ದುಡಿಯುವವರ ಪಟ್ಟಿ

ಕಾಯಂ ನೌಕರರು, ನೇರ ಪಾವತಿಯಲ್ಲಿರುವವರು (ಗುತ್ತಿಗೆದಾರನಿಲ್ಲದೆ ನಗರಸಭೆಯಿಂದಲೇ ಸಂಬಳ ಪಡೆಯುವವರು), ಹೊರಗುತ್ತಿಗೆಯವರು ಎಂದು ವಿಂಗಡಿಸಿ ಪ್ರತಿಯೊಬ್ಬರ ಹೆಸರು, ಕೆಲಸ, ಸೇರಿದ ವರ್ಷ, ಭವಿಷ್ಯ ನಿಧಿಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಸದಸ್ಯ ಸಂಖ್ಯೆ), ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆ ಬರೆದುಕೊಳ್ಳಿ. ಪಟ್ಟಿಯನ್ನು ಗುತ್ತಿಗೆದಾರನಿಂದ ತರಿಸಿಕೊಳ್ಳದೆ, ಬೆಳಗಿನ ಹಾಜರಾತಿಯ ಸ್ಥಳದಲ್ಲೇ ನಿಂತು ಮಾಡಬೇಕು. ಗುಡಿಸುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ವಾಟರ್‌ಮನ್‌, ಲೋಡರ್‌, ಒಳಚರಂಡಿ ಸಹಾಯಕ, ಸ್ಮಶಾನದ ಕೆಲಸಗಾರ, ಡೇಟಾ ಎಂಟ್ರಿ ಆಪರೇಟರ್ ಇವರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದೀರ್ಘ ಹೋರಾಟದ ಫಲವಾಗಿ ಗುಡಿಸುವವರಿಗೆ ನೇರ ಪಾವತಿ ಬಂತು, 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಆದೇಶ ಸಿಕ್ಕಿತು. ಆದರೆ ಅದೇ ಕಸವನ್ನು ಸಾಗಿಸುವ ಚಾಲಕರೂ ಲೋಡರ್‌ಗಳೂ ಬಹುಕಾಲ ಆ ಸಾಲಿನಿಂದ ಹೊರಗೇ ಉಳಿದರು. ನಿಮ್ಮ ನೀತಿ ಮೊದಲು ಇವರನ್ನು ಎಣಿಸಲಿ.

ಹಂತ 2: ಠರಾವು

ಎರಡು ಪುಟ ಸಾಕು. ಬೇರೆ ಊರಿನ ನೀತಿಯನ್ನು ನಕಲು ಮಾಡಿ ಹೆಸರು ಬದಲಿಸುವ ಅಡ್ಡದಾರಿ ಬೇಡ. ಅದರಲ್ಲಿ ನಿಮ್ಮಲ್ಲಿಲ್ಲದ ಹುದ್ದೆಗಳಿರುತ್ತವೆ, ನಿಮ್ಮಲ್ಲಿರುವ ಹುದ್ದೆಗಳಿರುವುದಿಲ್ಲ. ಕಾಯ್ದೆಗಳ ಹೆಸರು, ಕಲಂಗಳನ್ನು ತುಂಬುವ ಬದಲು ‘ಆಯಾ ಕಾಲಕ್ಕೆ ಜಾರಿಯಲ್ಲಿರುವ ಕಾನೂನಿನ ಪ್ರಕಾರ’ ಎಂದು ಬರೆಯಿರಿ, ಏಕೆಂದರೆ ಹಳೆಯ ಕಾಯ್ದೆಯನ್ನು ಹೆಸರಿಸಿದ ಷರತ್ತನ್ನು ಹಿಡಿದು ತಕರಾರು ತೆಗೆಯುವುದು ಸುಲಭ. ಠರಾವಿನಲ್ಲಿ ತಪ್ಪದೇ ಇರಬೇಕಾದ ಒಂದೇ ಒಂದು ವಾಕ್ಯವೆಂದರೆ, ಈ ನೀತಿಯ ಷರತ್ತುಗಳು ಮುಂದಿನ ಎಲ್ಲ ಟೆಂಡರ್‌ಗಳ ಅವಿಭಾಜ್ಯ ಭಾಗ ಎಂಬುದು.

ಹಂತ 3: ಟೆಂಡರ್

ಎಡವುವುದು ಇಲ್ಲೇ. ಮಾನವ ಸಂಪನ್ಮೂಲ ಪೂರೈಕೆಯ ಟೆಂಡರ್‌ನಲ್ಲಿ ಒಟ್ಟು ಮೊತ್ತಕ್ಕೆ ದರ ಕೇಳಿ, ಅತಿ ಕಡಿಮೆ ದರದವರಿಗೆ ಕೆಲಸ ಕೊಟ್ಟರೆ, ಆ ಕಡಿಮೆಯಾದ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಲೆಕ್ಕ ಹಾಕಿ ನೋಡೋಣ. ಒಬ್ಬ ಕಾರ್ಮಿಕನ ಕನಿಷ್ಠ ವೇತನ ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಮಾಲೀಕರ ಪಾಲು ಶೇ 12, ಜೀವ ವಿಮೆ ಮತ್ತು ಆಡಳಿತ ಶುಲ್ಕ ತಲಾ ಶೇ 0.5, ಒಟ್ಟು 1,950 ರೂಪಾಯಿ. ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ಕನಿಷ್ಠ ಬೋನಸ್ ಶೇ 8.33ರಂತೆ 1,249 ರೂಪಾಯಿ 50 ಪೈಸೆ. ಇಷ್ಟಕ್ಕೇ 18,687 ರೂಪಾಯಿ ಆಯಿತು. ವಾರದ ರಜೆಯ ದಿನ ಬದಲಿ ಕೆಲಸಗಾರನಿಗೆ ಕೊಡಬೇಕಾದ ಕೂಲಿ, ಸಮವಸ್ತ್ರ, ಕೈಗವಸು ಇದರಲ್ಲಿ ಇನ್ನೂ ಸೇರಿಲ್ಲ. ಯಾರಾದರೂ ತಲೆಗೆ 17,000ಕ್ಕೆ ಕೆಲಸ ಮಾಡಿಸುತ್ತೇನೆಂದು ಮುಂದೆ ಬಂದರೆ ಅವರು ಕಾರ್ಮಿಕನ ಜೇಬಿಗೆ ಕೈ ಹಾಕುವುದು ಖಚಿತ. ಅಂಥ ದರವನ್ನು ಒಪ್ಪಿದ ನಗರಸಭೆಯೂ ಅದರಲ್ಲಿ ಪಾಲುದಾರ.

ಆದ್ದರಿಂದ ಟೆಂಡರ್ ಅನ್ನು ಎರಡು ಭಾಗ ಮಾಡಿ. ವೇತನ, ಶಾಸನಬದ್ಧ ವಂತಿಗೆ, ಬೋನಸ್, ರಜೆಯ ಬದಲಿ ಇವೆಲ್ಲ ನಗರಸಭೆಯೇ ನಿಗದಿಪಡಿಸಿದ, ಸ್ಪರ್ಧೆಗೆ ಒಳಪಡದ ಭಾಗ. ಸ್ಪರ್ಧೆ ನಡೆಯಬೇಕಾದದ್ದು ಸೇವಾ ಶುಲ್ಕದ ಮೇಲೆ ಮಾತ್ರ, ಅದಕ್ಕೂ ಒಂದು ಕನಿಷ್ಠ ಮಿತಿ ಇರಲಿ. ಶೂನ್ಯ ಸೇವಾ ಶುಲ್ಕ ನಮೂದಿಸಿದ ಬಿಡ್ ಅನ್ನು ತಿರಸ್ಕರಿಸಲು ದಾಖಲೆಯಲ್ಲೇ ಅವಕಾಶ ಇಟ್ಟುಕೊಳ್ಳಬೇಕು. ಲಾಭವಿಲ್ಲದೆ ದುಡಿಯುತ್ತೇನೆ ಎನ್ನುವ ಗುತ್ತಿಗೆದಾರ ಲಾಭವನ್ನು ಬೇರೆಲ್ಲೋ ಲೆಕ್ಕ ಹಾಕಿರುತ್ತಾನೆ.

ಹೆಚ್ಚಿನವರು ಮರೆಯುವ ಇನ್ನೊಂದು ಷರತ್ತು ತುಟ್ಟಿಭತ್ಯೆಯದು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಎರಡು ವರ್ಷದ ಗುತ್ತಿಗೆಯಲ್ಲಿ ಇದಕ್ಕೆ ಅವಕಾಶ ಕಲ್ಪಿಸದಿದ್ದರೆ ಗುತ್ತಿಗೆದಾರ ‘ನನ್ನ ದರ ಹಳೆಯದು’ ಎನ್ನುತ್ತಾನೆ, ಲೆಕ್ಕ ಶಾಖೆ ‘ಅನುಮೋದಿತ ಮೊತ್ತ ಇಷ್ಟೇ’ ಎನ್ನುತ್ತದೆ, ನಡುವೆ ಕಾರ್ಮಿಕ ಹಳೆಯ ಕೂಲಿಗೇ ದುಡಿಯುತ್ತಾನೆ. ಹೆಚ್ಚಳವಾದ ಮೊತ್ತ ಪ್ರತ್ಯೇಕ ಅನುಮೋದನೆಯಿಲ್ಲದೆ ತಾನಾಗಿಯೇ ಬಿಲ್ಲಿಗೆ ಸೇರುವಂತೆ ಬರೆಯಿರಿ, ಬಜೆಟ್ಟಿನಲ್ಲೂ ಅದಕ್ಕೆ ಹಣ ತೆಗೆದಿಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಖಚಿತ ಅಭಿಪ್ರಾಯವೆಂದರೆ, ವರ್ಷವಿಡೀ ಇರುವ ಕೆಲಸಕ್ಕೆ ಮಧ್ಯವರ್ತಿ ಬೇಕಿಲ್ಲ. ಕಸ ಪ್ರತಿದಿನ ಬೀಳುತ್ತದೆ, ನೀರು ಪ್ರತಿದಿನ ಬಿಡಬೇಕು. ಸಾಧ್ಯವಿರುವಲ್ಲೆಲ್ಲ ನಗರಸಭೆಯ ಖಾತೆಯಿಂದಲೇ ಕಾರ್ಮಿಕರ ಖಾತೆಗೆ ಸಂಬಳ ಹೋಗುವ ವ್ಯವಸ್ಥೆಯನ್ನು ಸರ್ಕಾರದಿಂದ ಕೇಳಿ ಪಡೆಯಿರಿ. ಅದು ಸಿಗುವವರೆಗೆ ಮಾತ್ರ ಮೇಲಿನ ಟೆಂಡರ್ ಇರಲಿ.

ಹಂತ 4: ಬಿಲ್ ಪರಿಶೀಲನೆ

ತಿಂಗಳ ಕೂಲಿ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಭವಿಷ್ಯ ನಿಧಿ ಮತ್ತು ಇಎಸ್‌ಐ ವಂತಿಗೆ 15ರೊಳಗೆ ಜಮೆಯಾಗಬೇಕು. ಆದ್ದರಿಂದ ಬಿಲ್ 15ರ ನಂತರವೇ ಬರಲಿ, ಹಾಜರಾತಿ ಪುಸ್ತಕ, ಬ್ಯಾಂಕ್ ವರ್ಗಾವಣೆಯ ಪಟ್ಟಿ, ಭವಿಷ್ಯ ನಿಧಿಯ ಇಸಿಆರ್ (ಸದಸ್ಯವಾರು ವಂತಿಗೆಯ ಮಾಸಿಕ ವಿವರಪಟ್ಟಿ), ಇಎಸ್‌ಐ ಚಲನ್ ನಾಲ್ಕೂ ಜೊತೆಗಿರಲಿ. ‘ಎಲ್ಲವನ್ನೂ ಪಾವತಿಸಿದ್ದೇನೆ’ ಎಂದು ಛಾಪಾ ಕಾಗದದ ಮೇಲೆ ಪಡೆಯುವ ಮುಚ್ಚಳಿಕೆಯಿಂದ ಯಾವ ಪ್ರಯೋಜನವೂ ಇಲ್ಲ.

ಚಲನ್ ಇದೆ ಎಂದಷ್ಟೇ ನೋಡಿ ಬಿಲ್ಲಿಗೆ ಸಹಿ ಹಾಕಬಾರದು. ಒಬ್ಬನೇ ಗುತ್ತಿಗೆದಾರ ನಾಲ್ಕು ಊರುಗಳಲ್ಲಿ ಕೆಲಸ ಹಿಡಿದಿದ್ದರೆ ಒಂದೇ ಚಲನ್ ನಾಲ್ಕೂ ಕಡೆ ತೋರಿಸಲು ಸಾಧ್ಯವಿದೆ, ಅದರಲ್ಲಿ ನಿಮ್ಮ ಊರಿನವರ ಹೆಸರೇ ಇಲ್ಲದಿರಬಹುದು. ಇಸಿಆರ್‌ನಲ್ಲಿ ಪ್ರತಿ ಸದಸ್ಯನ ಎದುರು ಯುಎಎನ್, ಹೆಸರು, ಒಟ್ಟು ವೇತನ, ವಂತಿಗೆಗೆ ಲೆಕ್ಕ ಹಿಡಿದ ವೇತನ, ಕಟ್ಟಿದ ಮೊತ್ತ ಇರುತ್ತವೆ. ಬಲಭಾಗದಲ್ಲಿ ಎನ್‌ಸಿಪಿ ಎಂಬ ಪುಟ್ಟ ಕಲಂ ಇರುತ್ತದೆ. ಅದು ವೇತನವಿಲ್ಲದ ಗೈರುಹಾಜರಿಯ ದಿನಗಳ ಸಂಖ್ಯೆ. ಹಾಜರಾತಿ ಪುಸ್ತಕದಲ್ಲಿ ಒಬ್ಬ ಲೋಡರ್ ತಿಂಗಳು ಪೂರ್ತಿ ಹಾಜರಿದ್ದು, ಇಸಿಆರ್‌ನ ಈ ಕಲಂನಲ್ಲಿ 12 ಎಂದಿದ್ದರೆ, ಸಂಬಳದಿಂದ ಪೂರ್ತಿ ಕಡಿತ ಮಾಡಿ ಕಡಿಮೆ ಜಮೆ ಮಾಡಿದ್ದಾರೆಯೇ ಎಂದು ಕೂಡಲೇ ಕೇಳಬೇಕು. ಪ್ರತಿ ತಿಂಗಳೂ ಬೇರೆ ಬೇರೆ ಹತ್ತು ಹೆಸರು ಆರಿಸಿ, ನಾಲ್ಕೂ ದಾಖಲೆಗಳಲ್ಲಿ ಅವರ ಸಾಲನ್ನು ಹೋಲಿಸಿ. ಅವರ ಮೊಬೈಲಿನಲ್ಲೇ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆದು ನೋಡಿ. ಇದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಬ್ಯಾಂಕಿಗೆ ಸಂಬಳ ಹಾಕಿ ಒಂದು ಪಾಲನ್ನು ನಗದಾಗಿ ವಾಪಸು ಕೇಳುವ ಪಿಡುಗನ್ನು ಯಾವ ದಾಖಲೆಯೂ ತೋರಿಸುವುದಿಲ್ಲ. ಮೇಸ್ತ್ರಿಯಿಲ್ಲದ ಕಡೆ ಕಾರ್ಮಿಕರನ್ನು ಮಾತಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಹಾಜರಾತಿಗೆ ಬೆರಳಚ್ಚು ಯಂತ್ರ ಕೊಳ್ಳುವ ಮುನ್ನ ಯೋಚಿಸಿ. ವರ್ಷಗಟ್ಟಲೆ ಪೊರಕೆ ಹಿಡಿದವರ ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಅವರನ್ನು ಗುರುತಿಸದೆ ಗೈರುಹಾಜರಿ ತೋರಿಸುತ್ತದೆ. ಯಾವ ಯಂತ್ರವೇ ಇರಲಿ, ಕಾರ್ಮಿಕರ ಸಹಿಯಿರುವ ಪುಸ್ತಕವೂ ಇರಬೇಕು, ಎರಡರ ನಡುವೆ ವ್ಯತ್ಯಾಸ ಬಂದರೆ ಪುಸ್ತಕವೇ ಅಂತಿಮ ಎಂದು ನೀತಿಯಲ್ಲಿ ಹೇಳಬೇಕು.

ಗುತ್ತಿಗೆದಾರರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಬಿಲ್ಲನ್ನು ತಿಂಗಳುಗಟ್ಟಲೆ ತಡೆಹಿಡಿಯುವ ನಗರಸಭೆಗೆ ಸಕಾಲದ ವೇತನ ಕೇಳುವ ನೈತಿಕ ಹಕ್ಕಿಲ್ಲ. ಸರಿಯಾದ ದಾಖಲೆ ಬಂದ 15 ದಿನದೊಳಗೆ ಬಿಲ್ ಪಾವತಿಸಬೇಕೆಂದು ನಿಮ್ಮ ಮೇಲೂ ಷರತ್ತು ಹಾಕಿಕೊಳ್ಳಿ. ಗುತ್ತಿಗೆದಾರನಿಗೆ ಎರಡು ತಿಂಗಳ ಕೂಲಿ ಕೊಡುವಷ್ಟು ದುಡಿಯುವ ಬಂಡವಾಳ ಇರಬೇಕೆಂಬುದನ್ನು ಅರ್ಹತೆಯ ಭಾಗವಾಗಿಸಿ.

ಹಂತ 5: ಸುರಕ್ಷತೆ ಮತ್ತು ಘನತೆ

ಮ್ಯಾನ್‌ಹೋಲ್‌ಗೆ, ಶೌಚಗುಂಡಿಗೆ ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅಪಾಯಕಾರಿ ಸ್ವಚ್ಛತಾ ಕೆಲಸಕ್ಕೆ ಜನರನ್ನು ತೊಡಗಿಸುವುದನ್ನು ನಿಷೇಧಿಸಿದೆ, ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಆದರೂ ಯಂತ್ರ ಬೇರೆ ವಾರ್ಡಿನಲ್ಲಿದೆ, ನಿವಾಸಿಗಳು ಒತ್ತಾಯಿಸುತ್ತಿದ್ದಾರೆ ಎಂಬ ಕಾರಣಕ್ಕೆ ‘ಐದೇ ನಿಮಿಷದ ಕೆಲಸ’ ಎಂದು ಇಳಿಸುವವರಿದ್ದಾರೆ. ಹೈಡ್ರೋಜನ್ ಸಲ್ಫೈಡ್ ಅನಿಲದ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹಾಗಾಗಿ ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂಬ ನಂಬಿಕೆ ಪ್ರಾಣ ತೆಗೆಯುತ್ತದೆ. ದೀಪ ಇಳಿಸಿ ಪರೀಕ್ಷಿಸುವುದೂ ಬೇಡ, ಮೀಥೇನ್ ಸಿಡಿಯಬಹುದು. ಒಳಚರಂಡಿ ಕಟ್ಟಿಕೊಂಡಾಗ ಜೆಟ್ಟಿಂಗ್ ಯಂತ್ರ (ರಭಸದ ನೀರಿನಿಂದ ಕೊಳವೆ ಶುಚಿ ಮಾಡುವ ಯಂತ್ರ) ಬರುವವರೆಗೆ ಕಾಯಲೇಬೇಕು ಎಂದು ನೀತಿಯಲ್ಲಿ ನೇರವಾಗಿ ಬರೆಯಿರಿ. ಯಂತ್ರ ತಡವಾದರೆ ವಾರ್ಡಿನ ಸದಸ್ಯರೇ ನಿವಾಸಿಗಳಿಗೆ ಉತ್ತರ ಹೇಳಲಿ.

ಕೈಗವಸುಗಳ ವಿಷಯದಲ್ಲಿ ಅಗ್ಗದ ದರ ನೋಡಬೇಡಿ. ತೆಳು ಬಟ್ಟೆಯವು ಹಸಿ ಕಸದಲ್ಲಿ ನೆನೆದು ಕೈಗೆ ಅಂಟುತ್ತವೆ, ಗಾಜಿನ ಚೂರನ್ನು ತಡೆಯುವುದಿಲ್ಲ. ಗಂಬೂಟನ್ನು ಒಂದೇ ಅಳತೆಯಲ್ಲಿ ತರಿಸಿ ಹಂಚಿದರೆ ಮಹಿಳೆಯರು ಅವನ್ನು ಬದಿಗಿಟ್ಟು ಚಪ್ಪಲಿಯಲ್ಲೇ ಕೆಲಸಕ್ಕಿಳಿಯುತ್ತಾರೆ, ತಪ್ಪು ಅವರ ತಲೆಗೇ ಬರುತ್ತದೆ. ಕೊಳ್ಳುವ ಮುನ್ನ ಕಾರ್ಮಿಕರಿಗೇ ಹಾಕಿಸಿ ನೋಡಿ. ಹಾಜರಾತಿಯ ಸ್ಥಳದಲ್ಲಿ ಬೀಗ ಹಾಕದ ಶೌಚಾಲಯ, ಕುಡಿಯುವ ನೀರು, ಬಟ್ಟೆ ಬದಲಿಸುವ ಕೋಣೆ ಇರಲಿ.

ಹಂತ 6: ದೂರು

10 ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಕಡ್ಡಾಯ, ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಹಿರಿಯ ಮಹಿಳಾ ಅಧಿಕಾರಿ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನವರೊಬ್ಬರಿರಬೇಕು. ಗುತ್ತಿಗೆ ಕಾರ್ಮಿಕರೂ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ, ಗುಡಿಸುವ ರಸ್ತೆಯೂ ಕೆಲಸದ ಸ್ಥಳವೇ. ನಸುಕಿನಲ್ಲಿ ಒಬ್ಬಂಟಿಯಾಗಿ ಬೀದಿಗೆ ಹೋಗುವ ಮಹಿಳೆಗೆ ಸಮಿತಿಯ ಸದಸ್ಯೆಯ ಹೆಸರೂ ಫೋನ್ ಸಂಖ್ಯೆಯೂ ಗೊತ್ತಿರಬೇಕು, ಆದ್ದರಿಂದ ಅವನ್ನು ಕಚೇರಿಯ ಫಲಕದಲ್ಲಿ ಮಾತ್ರವಲ್ಲ, ಹಾಜರಾತಿಯ ಸ್ಥಳದಲ್ಲೂ ಬರೆಸಿ. ಕೂಲಿಯ ದೂರುಗಳಿಗೆ ಬೇರೆ ಅಧಿಕಾರಿ ಇರಲಿ. ದೂರು ಕೊಟ್ಟವರನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಷರತ್ತು ಟೆಂಡರ್‌ನಲ್ಲಿಯೇ ಇರಬೇಕು. ಕಾರ್ಮಿಕ ಸಂಘದ ಪ್ರತಿನಿಧಿಗಳನ್ನು ತಿಂಗಳಿಗೊಮ್ಮೆ ಕರೆದು ಮಾತಾಡಿಸಿದರೆ ಅರ್ಧದಷ್ಟು ದೂರುಗಳು ಕಾಗದಕ್ಕೆ ಇಳಿಯುವ ಮೊದಲೇ ಬಗೆಹರಿಯುತ್ತವೆ.

ಹಂತ 7: ಗುತ್ತಿಗೆ ಬದಲಾಗುವಾಗ

ಗುತ್ತಿಗೆಯ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಹೊಸ ಟೆಂಡರ್‌ನ ಕೆಲಸ ಆರಂಭಿಸಿ, ಇಲ್ಲವಾದರೆ ತಾತ್ಕಾಲಿಕ ವಿಸ್ತರಣೆಯ ಹೆಸರಿನಲ್ಲಿ ಹಳೆಯ ಷರತ್ತುಗಳೇ ಮುಂದುವರಿಯುತ್ತವೆ. ಗುತ್ತಿಗೆದಾರ ಬದಲಾದರೂ ಅದೇ ಕಾರ್ಮಿಕರು ಮುಂದುವರಿಯಬೇಕು, ಅವರ ಯುಎಎನ್ ಅದೇ ಇರಬೇಕು, ಹಳೆಯ ಸೇವಾವಧಿಯ ದಾಖಲೆ ನಗರಸಭೆಯಲ್ಲಿ ಉಳಿಯಬೇಕು. ಹೊರಹೋಗುವ ಗುತ್ತಿಗೆದಾರನ ಭದ್ರತಾ ಠೇವಣಿಯನ್ನು, ಕೊನೆಯ ತಿಂಗಳ ಕೂಲಿ, ಬಾಕಿ ಬೋನಸ್, ವಂತಿಗೆ ಎಲ್ಲವೂ ಹಂತ 1ರ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಖಾತೆಗೆ ಜಮೆಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಬಿಡುಗಡೆ ಮಾಡಿ. ಬಾಕಿ ಉಳಿದಿದ್ದರೆ ಆ ಠೇವಣಿಯಿಂದಲೇ ಕಾರ್ಮಿಕರಿಗೆ ನೇರವಾಗಿ ಪಾವತಿಸಿ, ಮಿಕ್ಕದ್ದನ್ನು ಮಾತ್ರ ಗುತ್ತಿಗೆದಾರನಿಗೆ ಮರಳಿಸಿ.