ಅರ್ಧ ಬಾಬಿನ್‌ಗೆ ಮಣಿದ ಹೆಗಲು ನೋವು

ಕಳೆದ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಮೂರು ವಾರದಲ್ಲಿ ನಾನು ಹೆಚ್ಚೂಕಮ್ಮಿ 110 ಬ್ಲೌಸ್ ಹೊಲಿದೆ. ಮುಕ್ಕಾಲು ಪಾಲು ಲೈನಿಂಗ್‌ದು. ಹೆಮ್ಮಿಂಗ್‌ಗೆ ಮಾತ್ರ ಪಕ್ಕದ ಮನೆ ಹುಡುಗಿ ಬರುತ್ತಿದ್ದಳು. ಇಷ್ಟಕ್ಕೂ ಒಂದೇ ಒಂದು ನೋವಿನ ಮಾತ್ರೆ ನುಂಗಲಿಲ್ಲ. ತುಮಕೂರಿನ ಕ್ಯಾತ್ಸಂದ್ರದಲ್ಲಿ ನನ್ನ ಮೆಷಿನ್ ನೋಡಿ ನಕ್ಕವರಿಗೆ ಇದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ನೋವು ಎಂಥದು ಅಂತ ಹೊಲಿಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಲ ಹೆಗಲ ಮೇಲೆ ಹುಣಸೆಬೀಜದಷ್ಟು ಗಂಟು. ಒತ್ತಿದರೆ ಕಿವಿಯ ಹಿಂದಿನ ತನಕ ಸೆಳೆತ. ಸಂಜೆ ಹೊತ್ತಿಗೆ ತಲೆನೋವು. ಏಳು ವರ್ಷ ಹೀಗೇ ಕಳೆಯಿತು.

ಆ ಏಳು ವರ್ಷದಲ್ಲಿ ಕೈಬಿಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಕರೆಂಟ್ ಶಾಖಕ್ಕೆ ಹತ್ತು ಸಿಟ್ಟಿಂಗ್, ಒಂದಕ್ಕೆ 400 ರೂಪಾಯಿ. ಮಲಗಿದ್ದಾಗ ಹಾಯಾಗಿರುತ್ತಿತ್ತು. ಮನೆಗೆ ಬಂದು ಬ್ಲೌಸ್‌ಗೆ ಎರಡು ತೋಳು ಕೂರಿಸುವಷ್ಟರಲ್ಲಿ ನೋವು ವಾಪಸ್. ವಸ್ತುಪ್ರದರ್ಶನದಲ್ಲಿ ತಂದ ಗುಯ್ ಅನ್ನುವ ಮಸಾಜ್ ಮೆಷಿನ್ 2,800. ಅದು ಈಗ ಅಟ್ಟದ ಮೇಲಿದೆ. ಕತ್ತಿನ ಪಟ್ಟಿ 350. ಅದನ್ನು ಎರಡು ತಿಂಗಳು ಬಿಡದೆ ಹಾಕಿಕೊಂಡಿದ್ದೇ ದೊಡ್ಡ ತಪ್ಪು. ಬಿಚ್ಚಿದ ಮೇಲೆ ತಲೆ ಹೊರಲು ಕತ್ತಿಗೆ ಶಕ್ತಿಯೇ ಇರಲಿಲ್ಲ. ಮಾತ್ರೆ ಅಂತೂ ಕಡಲೆಪುರಿ ತಿಂದ ಹಾಗೆ ತಿಂದೆ, ಕೊನೆಗೆ ಹೊಟ್ಟೆ ಕೆಟ್ಟು ಅದಕ್ಕೊಂದು ಮಾತ್ರೆ. ಒಟ್ಟು 18 ಸಾವಿರವಾದರೂ ಹೋಗಿದೆ. ವಾಪಸ್ ಕಳಿಸಿದ ಬ್ಲೌಸ್‌ಗಳ ಲೆಕ್ಕ ಬೇರೆ.

ಒಂದು ಕಡೆ ಎಕ್ಸ್‌ರೇ ನೋಡಿ, "ಕತ್ತಿನ ಮೂಳೆ ಸವೆದಿದೆ, ಹೊಲಿಗೆ ಬಿಡಿ" ಅಂದುಬಿಟ್ಟರು. ವಾರವಿಡೀ ನಿದ್ದೆ ಬರಲಿಲ್ಲ. ಆಮೇಲೆ ಇನ್ನೊಂದು ಕಡೆಯ ಫಿಸಿಯೋಥೆರಪಿ ಮೇಡಂ ಹೇಳಿದರು, ನಲವತ್ತು ದಾಟಿದವರಲ್ಲಿ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ ಅಂತ. ಆ ಒಂದು ಮಾತಿಗೇ ಅರ್ಧ ಹೆಗಲು ಹಗುರಾಯಿತು.

ಗುಟ್ಟು ಹೊಳೆದಿದ್ದು ಆಷಾಢದಲ್ಲಿ. ಆಷಾಢ ಅಂದರೆ ನಮಗೆ ರಜಾ ಇದ್ದ ಹಾಗೆ, ಮದುವೆ ಇಲ್ಲ, ಬ್ಲೌಸ್ ಇಲ್ಲ. ಮಧುಗಿರಿ ಕಡೆಯ ತವರಿಗೆ ಹೋಗಿದ್ದೆ. ಕಡಲೆಕಾಯಿ ಬಿತ್ತನೆ ನಡೆಯುತ್ತಿತ್ತು. ಅತ್ತಿಗೆ ಜೊತೆ ನಾಲ್ಕು ದಿನ ಬೀಜ ಹಾಕಿದೆ, ನೀರು ಹೊತ್ತೆ. ತೊಡೆ ನೋಯಿತು, ಸೊಂಟ ನೋಯಿತು, ಹೆಗಲು ಮಾತ್ರ ತಣ್ಣಗಿತ್ತು. ಅಂದರೆ ಕೆಲಸ ಮಾಡಿ ನೋಯುತ್ತಿರಲಿಲ್ಲ, ಅಲ್ವಾ? ಅಲ್ಲಾಡದೆ ಕೂತು ನೋಯುತ್ತಿತ್ತು.

ಊರಿಗೆ ಬಂದವಳೇ ಅರ್ಧ ಗಂಟೆಗೊಮ್ಮೆ ಏಳಬೇಕು ಅಂತ ಮೊಬೈಲ್‌ನಲ್ಲಿ ಅಲಾರಂ ಇಟ್ಟೆ. ಮೊದಲ ದಿನ ಐದು ಸಲ ಬಡಿಯಿತು. ಐದು ಸಲವೂ "ಈ ಪಟ್ಟಿ ಒಂದು ಮುಗಿಸಿಬಿಡೋಣ" ಅಂತ ಆಫ್ ಮಾಡಿದೆ. ಹೊಲಿಯುವವರ ಜಾತಿಯೇ ಹಾಗೆ. ಆದರೆ ಬಾಬಿನ್, ಅಂದರೆ ಸೂಜಿಯ ಕೆಳಗೆ ಕೂರುವ ದಾರದ ಪುಟ್ಟ ಉರುಳೆ, ಖಾಲಿಯಾದರೆ ಯಾರ ಆಟವೂ ನಡೆಯಲ್ಲ. ಸೂಜಿ ಓಡುತ್ತೆ, ಹೊಲಿಗೆ ಬೀಳಲ್ಲ. ಸರಿ, ಬಾಬಿನ್‌ಗೆ ಅರ್ಧ ಮಾತ್ರ ದಾರ ಸುತ್ತಲು ಶುರು ಮಾಡಿದೆ. ಲೈನಿಂಗ್ ಬ್ಲೌಸ್ ಆದರೆ ಅರ್ಧ ಬಾಬಿನ್ ನನಗೆ ಮೂವತ್ತು, ಮೂವತ್ತೈದು ನಿಮಿಷ ಬರುತ್ತೆ. ಬೆಳಗ್ಗೆಯೇ ಎಂಟು ಹತ್ತು ಸುತ್ತಿ ಡಬ್ಬಿಗೆ ಹಾಕುತ್ತೇನೆ. ಡಬ್ಬಿ ಇರುವುದು ಕೈಗೆ ಸಿಗುವ ಡ್ರಾಯರ್‌ನಲ್ಲಲ್ಲ, ಎದುರು ಗೋಡೆಯ ಎತ್ತರದ ಶೆಲ್ಫ್ ಮೇಲೆ. ಎದ್ದು ನಾಲ್ಕು ಹೆಜ್ಜೆ ನಡೆದು, ಎರಡೂ ಕೈ ಎತ್ತಿಯೇ ತೆಗೆಯಬೇಕು. ತೆಗೆಯುವಾಗ ಹೆಗಲನ್ನು ಹಿಂದಕ್ಕೆ ಐದಾರು ಸಲ ಸುತ್ತಿಸುತ್ತೇನೆ. ಒಂದು ನಿಮಿಷದ ಕೆಲಸ. ಬಣ್ಣದ ದಾರ ಬಾಬಿನ್‌ನಲ್ಲಿ ಉಳಿದು ದಂಡವಾಗುವುದೂ ಕಮ್ಮಿಯಾಯಿತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ನನಗೆ ಕಟಿಂಗ್ ಕಲಿಸಿದ ಮಾಸ್ಟರ್ ಇದನ್ನು ನೋಡಿ, "ಏನಮ್ಮಾ, ದಾರಕ್ಕೂ ರೇಷನ್ನಾ?" ಅಂದರು. ನಮ್ಮ ಯಜಮಾನರಂತೂ ನೆಂಟರ ಮುಂದೆಲ್ಲ ಹೇಳಿಕೊಂಡು ನಕ್ಕರು.

ಎರಡನೆಯದು ಮೆಷಿನ್ ಎತ್ತರ. ನನ್ನದು ಅಮ್ಮನ ಕಾಲದ ಬೀಡು ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ಆಮೇಲೆ ಮೋಟರ್ ಹಾಕಿಸಿದ್ದು. ಕಾಲಲ್ಲಿ ಒತ್ತುವ ಪೆಡಲ್ ಬೇರೆಯಾಗಿ ನೆಲದ ಮೇಲಿದೆ. ಹಾಗಾಗಿ ಸ್ಟ್ಯಾಂಡ್ ಎತ್ತಿದರೂ ಕಾಲಿಗೆ ತೊಂದರೆ ಇಲ್ಲ. ಮರದ ಮಿಲ್‌ನಲ್ಲಿ ಹಲಸಿನ ಮರದ ನಾಲ್ಕು ತುಂಡು ಕೊಯ್ಸಿದೆ, 160 ರೂಪಾಯಿ. ಮೊದಲ ಸಲ ಆಸೆಗೆ ಬಿದ್ದು ನಾಲ್ಕು ಇಂಚು ಎತ್ತಿಸಿದೆ. ಹೆಗಲು ಕಿವಿಗೆ ತಾಗುವ ಹಾಗಾಯಿತು, ಎರಡೇ ದಿನದಲ್ಲಿ ನೋವು ಡಬಲ್. ಸಾಲದ್ದಕ್ಕೆ ಜಿಗ್‌ಜಾಗ್ ಹಾಕುವಾಗ ಒಂದು ತುಂಡು ಜಾರಿ ಮೆಷಿನ್ ವಾಲಿತು. ಗಿರಾಕಿಯ ಮೈಸೂರು ಸಿಲ್ಕ್ ಬ್ಲೌಸ್ ಪೀಸ್ ಸೂಜಿಗೆ ಸಿಕ್ಕಿ ಹರಿದು, ಹೊಸದು ತಂದುಕೊಡಬೇಕಾಯಿತು. ಅವತ್ತು ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಈಗ ಎರಡು ಇಂಚಿನ ತುಂಡು. ಸ್ಟ್ಯಾಂಡಿನ ಕಾಲು ಕೂರುವಷ್ಟು ಮಧ್ಯೆ ಗುಂಡಿ ಕೊರೆಸಿದ್ದೇನೆ. ಹಿಂದಿನ ಎರಡು ತುಂಡು ಮುಂದಿನದಕ್ಕಿಂತ ಸ್ವಲ್ಪ ದಪ್ಪ, ಬಟ್ಟೆ ನಮ್ಮ ಕಡೆ ವಾಲುತ್ತೆ, ಕತ್ತು ಬಗ್ಗಿಸುವುದು ತಪ್ಪುತ್ತೆ. ಎಷ್ಟು ದಪ್ಪ ಅಂತ ಇಲ್ಲಿ ಬರೆಯಲ್ಲ. ಮೂರು ತಿಂಗಳು ಒದ್ದಾಡಿ ಕಂಡುಕೊಂಡಿದ್ದು. ಮನೆಗೆ ಬಂದರೆ ತೋರಿಸುತ್ತೇನೆ. ನೆಲದ ಮೇಲೆ ಕೂತು ಕಟಿಂಗ್ ಮಾಡುವುದನ್ನೂ ಬಿಟ್ಟೆ. ಮಧ್ಯಾಹ್ನ ಅಡುಗೆಕಟ್ಟೆ ಒರೆಸಿ ಅಲ್ಲೇ ನಿಂತು ಕತ್ತರಿಸುತ್ತೇನೆ.

ಇಷ್ಟಕ್ಕೆ ನೋವು ಅರ್ಧ ಇಳಿಯಿತು. ಉಳಿದ ಅರ್ಧ ಇಳಿಸಿದ್ದು ನೀರಿನ ಬಾಟಲಿ. ಮೊದಲು ಹೇಳಿದ ಮೇಡಂ ಹೇಳಿಕೊಟ್ಟಿದ್ದು. ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ನಿಂತು, ಹೆಗಲನ್ನು ನಿಧಾನ ಮೇಲೆತ್ತಿ, ಇನ್ನೂ ನಿಧಾನ ಇಳಿಸುವುದು. ಆಮೇಲೆ ಕೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು. ಹತ್ತು ಹತ್ತರಂತೆ ಮೂರು ಸಲ, ವಾರಕ್ಕೆ ಮೂರು ದಿನ. ಅರ್ಧ ಲೀಟರಿನಿಂದ ಶುರು. ಮೊದಲ ವಾರ ನೋವು ಜಾಸ್ತಿಯಾಗಿ ಬಾಟಲಿ ಮೂಲೆಗೆಸೆದಿದ್ದೆ. ಅವರಿಗೆ ಫೋನ್ ಮಾಡಿದರೆ, "ಮಾರನೇ ಬೆಳಗ್ಗೆ ಹೊತ್ತಿಗೆ ಇಳಿದರೆ ಪರವಾಗಿಲ್ಲ, ಇಳೀದಿದ್ರೆ ನೀರು ಕಮ್ಮಿ ಮಾಡಿ" ಅಂದರು. ಆರು ವಾರ ಏನೂ ಗೊತ್ತಾಗಲಿಲ್ಲ. ಹತ್ತನೇ ವಾರದ ಹೊತ್ತಿಗೆ ಗಂಟು ಎಲ್ಲಿತ್ತು ಅಂತ ಹುಡುಕಬೇಕಾಯಿತು. ಈಗ ಹೆಗಲೆತ್ತುವುದು ಎರಡು ಲೀಟರ್ ಬಾಟಲಿಯಲ್ಲಿ.

ಮಧ್ಯೆ ಶಾಖದ ಚೀಲದ ಹುಚ್ಚೂ ಹಿಡಿಯಿತು. ಬಿಸಿನೀರಿನ ಬ್ಯಾಗ್ ಹೆಗಲ ಮೇಲೆ ನಿಲ್ಲಲ್ಲ, ಜಾರುತ್ತೆ. ಉಳಿದ ಕಾಟನ್ ಲೈನಿಂಗ್‌ನಲ್ಲಿ ಉದ್ದ ಚೀಲ ಹೊಲಿದು ರಾಗಿ ತುಂಬಿಸಿ, ತವಾ ಮೇಲೆ ಹೊರಳಿಸಿ ಬಿಸಿ ಮಾಡಿದೆ. ಕತ್ತಿಗೆ ಹಾವಿನ ಹಾಗೆ ಚೆನ್ನಾಗಿ ಒಗ್ಗಿತು. ಆದರೆ ರಾಗಿ ಹೊಲಿಗೆಯ ಸಂದಿಯಿಂದ ಉದುರುತ್ತೆ. ಹಾಸಿಗೆಯೆಲ್ಲ ರಾಗಿ. ಜೊತೆಗೆ ಹುರಿದ ವಾಸನೆಗೆ ಮಗ "ಹುರಿಟ್ಟು ಮಾಡ್ತಿದ್ದೀಯಾ?" ಅಂತ ಬರುತ್ತಿದ್ದ. ಕಲ್ಲುಪ್ಪು ಚೆನ್ನಾಗಿ ಬಿಸಿ ಹಿಡಿಯುತ್ತೆ, ಮಳೆಗಾಲದಲ್ಲಿ ನೀರೊಡೆಯುತ್ತೆ. ಅಕ್ಕಿಗೆ ಹುಳ ಬಿತ್ತು. ಕೊನೆಗೆ ಗೆದ್ದಿದ್ದು ಹುರುಳಿ. ಒಂದು ಕೆಜಿ, ಡಬಲ್ ಹೊಲಿಗೆ, ಮಧ್ಯೆ ಮೂರು ಕಡೆ ಅಡ್ಡ ಹೊಲಿಗೆ ಹಾಕಿದರೆ ಕಾಳು ಒಂದೇ ಕಡೆ ಸೇರಲ್ಲ. ಹದಿನೈದು ನಿಮಿಷ ಸಾಕು. ಮೊಣಕೈ ಒಳಗೆ ಮುಟ್ಟಿಸಿ ನೋಡಿಯೇ ಹೆಗಲಿಗೆ ಹಾಕಬೇಕು. ಹಾಕಿಕೊಂಡೇ ಮಲಗಿ ನಾನು ಒಮ್ಮೆ ಬೊಬ್ಬೆ ಎಬ್ಬಿಸಿಕೊಂಡಿದ್ದೇನೆ. ಇಂಥ ಚೀಲ ಹನ್ನೊಂದೋ ಹನ್ನೆರಡೋ ಮಾರಿದೆ ಕೂಡ, ಒಂದಕ್ಕೆ 220.

ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಯೂ ನೋಡಿದೆ. ಅದರ ಹಾಲು ತಾಗಿ ಚರ್ಮ ಉರಿಯಿತು, ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಮಗನ ಟೆನ್ನಿಸ್ ಬಾಲ್ ಪರವಾಗಿಲ್ಲ. ಹಳೇ ಸಾಕ್ಸ್‌ಗೆ ಹಾಕಿ ಹೆಗಲ ಹಿಂದೆ ಇಳಿಬಿಟ್ಟು ಗೋಡೆಗೆ ಒರಗುವುದು. ಬೆನ್ನುಮೂಳೆಯ ಮೇಲೆ ಮಾತ್ರ ಬೇಡ. ಅತ್ತೆ ಕಾಯಿಸುವ ಎಣ್ಣೆಗೆ ಏನೇನು ಬೀಳುತ್ತೆ ಅಂತ ಕೇಳಬೇಡಿ, ಅದು ಮನೆಯಿಂದ ಆಚೆ ಹೋಗಲ್ಲ. ನಿಜ ಹೇಳಬೇಕೆಂದರೆ ಎಣ್ಣೆಗಿಂತ ಅವರ ಹೆಬ್ಬೆರಳೇ ಕೆಲಸ ಮಾಡುತ್ತೆ.

ಒಂದು ಮಾತು. ನನ್ನದು ಬರೀ ಮಾಂಸಖಂಡದ ನೋವು ಅಂತ ತೋರಿಸಿ ಗೊತ್ತುಮಾಡಿಕೊಂಡಿದ್ದೆ, ಥೈರಾಯ್ಡ್, ವಿಟಮಿನ್ ಡಿ ಕೂಡ ನೋಡಿಸಿದ್ದೆ. ಬೆರಳು ಜೋಮು ಹಿಡಿಯುತ್ತಿದ್ದರೆ, ಕತ್ತರಿ ಕೈಯಿಂದ ಜಾರುತ್ತಿದ್ದರೆ, ಎದೆಯಿಂದ ಕೈಗೆ ನೋವು ಇಳಿಯುತ್ತಿದ್ದರೆ ಹುರುಳಿ ಚೀಲ ಹಿಡಿದು ಕೂರಬೇಡಿ. ಎದೆಯದ್ದಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಾಸ್ಟರ್ ಮೊನ್ನೆ ಮಿಲ್ ಎಲ್ಲಿದೆ ಅಂತ ವಿಚಾರಿಸಿದರು. ಮಗಳ ಮೆಷಿನ್‌ಗಂತೆ. ನನಗೆ ಉಳಿದಿರುವುದು ಬಲಗೈ ಹೆಬ್ಬೆರಳ ಬುಡದ ನೋವು, ಕತ್ತರಿಯಿಂದ ಬಂದಿದ್ದು. ಹಿಡಿಗೆ ಬಟ್ಟೆ ಸುತ್ತಿ ನೋಡುತ್ತಿದ್ದೇನೆ. ಸದ್ಯಕ್ಕೆ ಏನೂ ಪ್ರಯೋಜನ ಕಂಡಿಲ್ಲ.